ಉಳಿತಾಯ ಹೆಚ್ಚಿದಷ್ಟೂ ಭಯವೂ ಹೆಚ್ಚುತ್ತಿದೆ: ಚಿಂತೆಗೂ ದುರಾಶೆಗೂ ಸುವಾರ್ತೆ ಕೊಡುವ ಮದ್ದು ಯಾವುದು?

ಬೆಳಗಿನ ಜಾವ

ಎಲ್ಲರಿಗೂ ಕರ್ತನಲ್ಲಿ ವಂದನೆ. ತುಂಬಾ ದಿನಗಳಿಂದ ಕೇಳಬೇಕೆಂದಿದ್ದೆ, ಇವತ್ತು ಕೇಳುತ್ತಿದ್ದೇನೆ.

ನಾನು ಕ್ರೈಸ್ತ ಮನೆಯಲ್ಲೇ ಬೆಳೆದವನು. 'ನಾಳೆಗಾಗಿ ಚಿಂತೆ ಮಾಡಬೇಡಿ' ಅನ್ನುವ ವಾಕ್ಯ ಚಿಕ್ಕಂದಿನಿಂದ ಬಾಯಿಪಾಠ. ಆದರೂ ರಾತ್ರಿ ದೀಪ ಆರಿಸಿದ ಕೂಡಲೇ ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ. ಕೆಲಸ ಹೋದರೆ ಏನು ಗತಿ? ದೊಡ್ಡ ಕಾಯಿಲೆ ಬಂದರೆ? ವಯಸ್ಸಾದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ನನಗೆ ಅರ್ಥವಾಗದ ಸಂಗತಿ ಬೇರೆಯೇ ಇದೆ. ಕೈಯಲ್ಲಿ ಏನೂ ಇಲ್ಲದ ಕಾಲದಲ್ಲಿ ಇಷ್ಟು ಭಯ ಇರಲಿಲ್ಲ. ಒಂದು ಮೊತ್ತ ಮನಸ್ಸಿನಲ್ಲಿತ್ತು. ಅಷ್ಟು ಕೂಡಿದರೆ ನಿಶ್ಚಿಂತೆ ಅಂದುಕೊಂಡಿದ್ದೆ. ಅಷ್ಟೂ ಕೂಡಿತು. ಈಗ ಅದರ ಎರಡರಷ್ಟು ಬೇಕು ಅನಿಸುತ್ತಿದೆ. ಯಾರಾದರೂ ಸಹಾಯ ಕೇಳಿದರೆ ಮೊದಲು ಎದೆ ಬಿಗಿಯುತ್ತದೆ, ಕರುಣೆ ಆಮೇಲೆ ಬರುತ್ತದೆ. ಪ್ರಾರ್ಥನೆ ಮಾಡುತ್ತೇನೆ. ಆ ಹೊತ್ತಿಗೆ ಹಗುರ ಅನಿಸುತ್ತದೆ. ಎದ್ದ ಮೇಲೆ ಮತ್ತೆ ಅದೇ ಲೆಕ್ಕ.

ಇದು ಚಿಂತೆಯಾ, ದುರಾಶೆಯಾ? ಎರಡಕ್ಕೂ ಬೇರೆ ಬೇರೆ ಮದ್ದಾ? ಸುಮ್ನೆ ವಾಕ್ಯ ಹೇಳಿ ಬಿಟ್ಟುಬಿಡಬೇಡಿ, ದಯವಿಟ್ಟು. ಆ ವಾಕ್ಯ ಮನಸ್ಸಿನೊಳಗೆ ಇಳಿಯುವುದು ಹೇಗೆ ಅಂತ ಬಲ್ಲವರು ಹೇಳಿ.

ಸಣ್ಣ ದೋಣಿ

ಬ್ರದರ್, ನೀವು ಬರೆದದ್ದು ಓದಿ ನನ್ನ ಮನಸ್ಸನ್ನೇ ಯಾರೋ ಓದಿದ ಹಾಗಾಯಿತು. 'ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ' ಅಂತ ಪೇತ್ರನ ಮೊದಲನೇ ಪತ್ರದಲ್ಲಿದೆಯಲ್ಲ, 5ನೇ ಅಧ್ಯಾಯ 7ನೇ ವಚನ. ಅದನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ವಚನವನ್ನು ಯಾರೂ ಜೊತೆಗೆ ಓದುವುದಿಲ್ಲ. 6ನೇ ವಚನ ದೇವರ ಬಲವಾದ ಕೈಕೆಳಗೆ ನಿಮ್ಮನ್ನು ತಗ್ಗಿಸಿಕೊಳ್ಳಿ ಅನ್ನುತ್ತದೆ. ಚಿಂತೆಯನ್ನು ಹಾಕುವುದೂ ತಗ್ಗಿಸಿಕೊಳ್ಳುವುದೂ ಪೇತ್ರನಿಗೆ ಒಂದೇ ಕೆಲಸ.

ನನಗೆ ಇದರಿಂದ ತಿಳಿದದ್ದು ಇಷ್ಟು. ಚಿಂತೆ ಮಾಡುವಾಗ ಎಲ್ಲವನ್ನೂ ನಾನೇ ಹಿಡಿದು ನಿಲ್ಲಿಸಿದ್ದೇನೆ ಅನ್ನುವ ಒಂದು ನಂಬಿಕೆ ಒಳಗೆ ಇರುತ್ತದೆ. ಹಾಗಾಗಿ ಹಾಕಿದ ಭಾರವನ್ನು ಮತ್ತೆ ಎತ್ತಿಕೊಳ್ಳುತ್ತೇವೆ. ಮುಂದೆ ಹೇಳುವಷ್ಟು ನನಗೆ ಗೊತ್ತಿಲ್ಲ. ಹಿರಿಯರು ಹೇಳಲಿ.

ಹಳೇ ಗುಮಾಸ್ತ

ತಮ್ಮಾ, ನಿನ್ನ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಚಿಂತೆಯೂ ದುರಾಶೆಯೂ ಬೇರೆ ಬೇರೆ ಅಂತ ನಾವು ತಿಳಿದಿದ್ದೇವೆ. ಚಿಂತೆ ಮಾಡುವವನನ್ನು ಕಂಡರೆ ಅಯ್ಯೋ ಪಾಪ ಅನ್ನುತ್ತೇವೆ. ದುರಾಶೆಯವನನ್ನು ಕಂಡರೆ ಬೈಯುತ್ತೇವೆ. ಯೇಸುಸ್ವಾಮಿ ಇವೆರಡನ್ನೂ ಜೊತೆಯಲ್ಲೇ ಇಟ್ಟು ಮಾತಾಡಿದ.

ಲೂಕ 12ನೇ ಅಧ್ಯಾಯವನ್ನು 13ನೇ ವಚನದಿಂದ 34ರ ತನಕ ಒಂದೇ ಸಲಕ್ಕೆ ಓದು. ಗುಂಪಿನಲ್ಲಿ ಒಬ್ಬ ಬಂದು ಅಪ್ಪನ ಆಸ್ತಿಯಲ್ಲಿ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಅನ್ನುತ್ತಾನೆ. ಯೇಸು ಪಾಲು ಮಾಡಲು ಒಪ್ಪುವುದಿಲ್ಲ. ಎಲ್ಲಾ ತರದ ಲೋಭಕ್ಕೂ ಎಚ್ಚರವಾಗಿರಿ ಅನ್ನುತ್ತಾನೆ. ಆಮೇಲೆ ಒಬ್ಬ ಐಶ್ವರ್ಯವಂತನ ಸಾಮ್ಯ, ಅಂದರೆ ದೃಷ್ಟಾಂತದ ಕಥೆ. ಹೊಲ ಚೆನ್ನಾಗಿ ಬೆಳೆಯಿತು, ಕಣಜ ಸಾಲದು, ಹಳೆಯದನ್ನು ಕೆಡವಿ ದೊಡ್ಡದು ಕಟ್ಟಿಸುತ್ತೇನೆ ಅನ್ನುತ್ತಾನೆ. ಆ ರಾತ್ರಿಯೇ ಅವನ ಪ್ರಾಣ ಹೋಗುವುದಿದೆ. ಈ ಸಾಮ್ಯ ಮುಗಿದ ಕೂಡಲೇ ಯೇಸು ಶಿಷ್ಯರ ಕಡೆ ತಿರುಗಿ, ಆದಕಾರಣ ಪ್ರಾಣಧಾರಣೆಗೆ ಏನು ಊಟ, ದೇಹಕ್ಕೆ ಏನು ಹೊದಿಕೆ ಅಂತ ಚಿಂತೆ ಮಾಡಬೇಡಿ ಅನ್ನುತ್ತಾನೆ.

ಈ 'ಆದಕಾರಣ'ದ ಹತ್ತಿರ ನಾನು ಬಹಳ ಕಾಲ ನಿಂತಿದ್ದೇನೆ. ಹೊಲ ಬೆಳೆದ ಶ್ರೀಮಂತನ ಕಥೆಗೂ, ದೋಣಿ ಬಲೆ ಬಿಟ್ಟು ಬಂದ ಬಡ ಶಿಷ್ಯರ ಚಿಂತೆಗೂ ಎಲ್ಲಿಂದೆಲ್ಲಿಯ ಸಂಬಂಧ? ಆದರೆ ಕಥೆಯನ್ನು ಮತ್ತೆ ನೋಡು. ಆ ಮನುಷ್ಯ ಯಾರ ಹತ್ತಿರವೂ ಮಾತಾಡುವುದಿಲ್ಲ. ಹೆಂಡತಿ ಇಲ್ಲ, ಆಳುಗಳಿಲ್ಲ, ನೆರೆಯವರಿಲ್ಲ. ತನ್ನ ಜೀವದ ಜೊತೆ ತಾನೇ ಮಾತಾಡಿಕೊಂಡು, ಇನ್ನು ಅನೇಕ ವರ್ಷ ನಿನಗೆ ಸಾಕಾಗುವಷ್ಟಿದೆ, ವಿಶ್ರಮಿಸಿಕೋ ಅಂತ ಸಮಾಧಾನ ಹೇಳಿಕೊಳ್ಳುತ್ತಾನೆ. ಭಯ ಇಲ್ಲದವನಿಗೆ ಇಂಥ ಸಮಾಧಾನ ಯಾಕೆ ಬೇಕು? ಅವನ ಆಶೆಯ ಒಳಗೆ ಒಂದು ಭಯ ಕೂತಿದೆ. ಶಿಷ್ಯರ ಭಯದ ಒಳಗೂ ಅದೇ ಆಶೆ ಮೊಳೆಯಬಹುದು. ಇಬ್ಬರ ಪ್ರಶ್ನೆಯೂ ಒಂದೇ: ನನ್ನನ್ನು ಕಾಯುವವರು ಯಾರು? ಇಬ್ಬರಿಗೂ ಮೊದಲು ಹೊಳೆಯುವ ಉತ್ತರವೂ ಒಂದೇ: ನಾನೇ.

ಅದಕ್ಕೇ ಯೇಸು ಕಾಗೆಗಳನ್ನು ತೋರಿಸಿದ. ಅವಕ್ಕೆ ಉಗ್ರಾಣವೂ ಇಲ್ಲ, ಕಣಜವೂ ಇಲ್ಲ ಅಂದ. ಈಗ ತಾನೇ ಕಣಜದ ಕಥೆ ಹೇಳಿದವನು ಹೀಗೆ ಹೇಳಿದಾಗ ಕೇಳಿದವರಿಗೆ ಅದು ನೇರವಾಗಿ ನಾಟಿರಬೇಕು. ಮೋಶೆಯ ಧರ್ಮಶಾಸ್ತ್ರದಲ್ಲಿ ಕಾಗೆ ಅಶುದ್ಧ ಪಕ್ಷಿ. ಅದನ್ನೂ ದೇವರು ಸಾಕುತ್ತಾನೆ ಅನ್ನುವುದು ಆ ಜನಕ್ಕೆ ಸಣ್ಣ ಮಾತಲ್ಲ.

ಬಿತ್ತುವವನ ಸಾಮ್ಯದಲ್ಲೂ ಹೀಗೇ ಇದೆ. ಮಾರ್ಕ 4ನೇ ಅಧ್ಯಾಯದ 19ನೇ ವಚನ ನೋಡು. ಪೈರನ್ನು ಅಡಗಿಸುವ ಮುಳ್ಳು ಯಾವುದು? ಪ್ರಪಂಚದ ಚಿಂತೆಗಳು, ಐಶ್ವರ್ಯದ ಮೋಸ, ಇತರ ಆಶೆಗಳು. ಇವು ಒಂದೇ ಮುಳ್ಳುಪೊದೆಯೊಳಗೆ ಬೆಳೆಯುವಂಥವು. ಒಂದನ್ನು ಮಾತ್ರ ಕತ್ತರಿಸಿ ಇನ್ನೊಂದನ್ನು ಬಿಟ್ಟರೆ ಪೊದೆ ಉಳಿದೇ ಉಳಿಯುತ್ತದೆ. ನೀನು ಪ್ರಾರ್ಥನೆಯಲ್ಲಿ ಚಿಂತೆಯೊಂದನ್ನೇ ಕತ್ತರಿಸಲು ನೋಡುತ್ತಿದ್ದೀಯ ಅಂತ ನನಗೆ ತೋರುತ್ತದೆ.

ಮರುಭೂಮಿ ಓದು

ಹಿರಿಯರು ಹೇಳಿದ್ದನ್ನೇ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಬಹಳ ಹಿಂದೆಯೇ ಗುರುತಿಸಿದ್ದರು. 4ನೇ ಶತಮಾನದಲ್ಲಿ ಎವಾಗ್ರಿಯಸ್ ಅನ್ನುವವರು ಅಲ್ಲಿದ್ದರು. 399ರಲ್ಲಿ ತೀರಿಕೊಂಡರು. ಮನುಷ್ಯನನ್ನು ಕಾಡುವ ಆಲೋಚನೆಗಳು ಎಂಟು ಬಗೆ ಅಂತ ಅವರು ಬರೆದಿಟ್ಟರು. ಅದರಲ್ಲಿ ಹಣದಾಸೆಯೂ ಒಂದು. ಅವರು ಹಣದಾಸೆಯನ್ನು ಬಣ್ಣಿಸಿದ ರೀತಿ ನೋಡಿ. ಅದು ಚಿನ್ನ ಬೆಳ್ಳಿ ತೋರಿಸಿ ಮನಸ್ಸನ್ನು ಸೆಳೆಯುವುದಿಲ್ಲ. ದೀರ್ಘ ಮುಪ್ಪನ್ನು ತೋರಿಸುತ್ತದೆ. ಕೈಯಲ್ಲಿ ದುಡಿಯಲು ಆಗದ ದಿನ ಬರುತ್ತದೆ, ಬರಗಾಲ ಬರುತ್ತದೆ, ರೋಗ ಬರುತ್ತದೆ, ಇನ್ನೊಬ್ಬರ ಮುಂದೆ ಕೈಚಾಚುವ ಅವಮಾನ ಬರುತ್ತದೆ ಅಂತ ಕಿವಿಯಲ್ಲಿ ಹೇಳುತ್ತದೆ.

'ಬೆಳಗಿನ ಜಾವ' ಅವರ ರಾತ್ರಿಯ ಪ್ರಶ್ನೆಗಳೂ ಇವೇ ಅಲ್ವಾ? ಕೆಲಸ, ಕಾಯಿಲೆ, ಮುಪ್ಪು. ಇದನ್ನು ಕೇಳುತ್ತಿದ್ದವರು ಎಲ್ಲವನ್ನೂ ಬಿಟ್ಟು ಬಂದ ಸನ್ಯಾಸಿಗಳು. ಬಿಟ್ಟು ಬಂದವರಿಗೂ ಅದು ಬಿಡಲಿಲ್ಲ. ದುರಾಶೆ ಎಂದೂ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಜವಾಬ್ದಾರಿಯ ಮಾತಿನಲ್ಲಿ ಬರುತ್ತದೆ, ಮುಂದಾಲೋಚನೆಯ ಮಾತಿನಲ್ಲಿ ಬರುತ್ತದೆ. ಆದ್ದರಿಂದ ಗುರುತು ಹಿಡಿಯುವುದೇ ವಾಸಿಯಾಗುವ ಮೊದಲ ಹೆಜ್ಜೆ ಅಂತ ಅವರು ತಿಳಿದಿದ್ದರು.

ಸಂತ ಅಂತೋಣಿಯವರ ಜೀವನದಲ್ಲೂ ಇದೇ ಇದೆ. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದಿದ್ದಾರೆ. ತಂದೆತಾಯಿ ತೀರಿಕೊಂಡಾಗ ಅಂತೋಣಿ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಒಬ್ಬ ತಂಗಿ, ಒಳ್ಳೆಯ ಜಮೀನು. ಸಭೆಯಲ್ಲಿ 'ನಿನ್ನ ಆಸ್ತಿಯನ್ನು ಮಾರಿ ಬಡವರಿಗೆ ಕೊಡು' ಅನ್ನುವ ವಾಕ್ಯ ಕೇಳಿ ಜಮೀನು ಬಿಟ್ಟುಕೊಟ್ಟರು. ತಂಗಿಗೆಂದು ಸ್ವಲ್ಪ ಉಳಿಸಿಕೊಂಡರು. ಇನ್ನೊಂದು ದಿನ ಸಭೆಗೆ ಹೋದಾಗ ಓದುತ್ತಿದ್ದದ್ದು 'ನಾಳೆಗಾಗಿ ಚಿಂತೆ ಮಾಡಬೇಡಿ' ಅನ್ನುವ ಭಾಗ. ಉಳಿಸಿಕೊಂಡದ್ದನ್ನೂ ಕೊಟ್ಟುಬಿಟ್ಟರು. ತಂಗಿಯನ್ನು ನಂಬಿಕೆಯ ಕನ್ಯೆಯರ ಆಸರೆಗೆ ಒಪ್ಪಿಸಿದರು.

ಎಲ್ಲರೂ ಹಾಗೆ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಮೊದಲ ವಾಕ್ಯ ಅವರ ಆಸ್ತಿಯನ್ನು ಮುಟ್ಟಿತು, ಎರಡನೆಯದು ಭಯವನ್ನು ಮುಟ್ಟಿತು. ಎರಡೂ ಮುಟ್ಟುವ ತನಕ ಕೆಲಸ ಮುಗಿದಿರಲಿಲ್ಲ.

ನೀಲಿ ಛತ್ರಿ

ಎಲ್ಲರ ಮಾತೂ ಚೆನ್ನಾಗಿದೆ, ಆದರೆ ನನಗೆ ಒಂದು ವಿಷಯ ನೋವು ಕೊಡುತ್ತಿದೆ. ಇಲ್ಲಿ ಮಾತೆಲ್ಲ ಉಳಿತಾಯ ಇರುವವರ ಬಗ್ಗೆ ನಡೆದಿದೆ. ತಿಂಗಳ ಕೊನೆಗೆ ಏನೂ ಉಳಿಯದವರಿದ್ದಾರೆ. ಬಾಡಿಗೆ ಕಟ್ಟಲಾಗದವರಿದ್ದಾರೆ. ಅಂಥವರು ಚಿಂತೆ ಅಂತ ಬಾಯಿ ಬಿಟ್ಟರೆ, ನಿಮಗೆ ನಂಬಿಕೆ ಸಾಲದು, ಆಕಾಶದ ಪಕ್ಷಿಗಳನ್ನು ನೋಡಿ ಅನ್ನುತ್ತಾರೆ. ಹೊಟ್ಟೆ ತುಂಬಿದವರು ಹಸಿದವರಿಗೆ ಈ ವಾಕ್ಯ ಹೇಳುವುದು ಸರಿಯಾ? ನನ್ನ ಅಮ್ಮನಿಗೆ ಹೀಗೆ ಹೇಳಿದವರಿದ್ದಾರೆ. ಅವಳು ಆಮೇಲೆ ತನ್ನ ಕಷ್ಟವನ್ನು ಯಾರ ಹತ್ತಿರವೂ ಹೇಳಲಿಲ್ಲ.

ಸಂಜೆ ಗಂಟೆ

ತಂಗಿ, ನಿಮ್ಮ ಅಮ್ಮನಿಗೆ ಆದ ನೋವು ನಿಜವಾದ ನೋವು. ಆ ವಾಕ್ಯವನ್ನು ಹಾಗೆ ಬಳಸುವುದು ತಪ್ಪು. ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ, ಯಾಕೋಬನು ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಇದನ್ನೇ ಹೇಳುತ್ತಾನೆ. ಬಟ್ಟೆಯಿಲ್ಲದ, ಆ ದಿನದ ಊಟವಿಲ್ಲದ ಸಹೋದರನಿಗೋ ಸಹೋದರಿಗೋ ಬೇಕಾದದ್ದನ್ನು ಕೊಡದೆ, ಸಮಾಧಾನದಿಂದ ಹೋಗಿ ಅಂತ ಬರೀ ಬಾಯಲ್ಲಿ ಹೇಳಿದರೆ ಏನು ಪ್ರಯೋಜನ ಅಂತ ಕೇಳುತ್ತಾನೆ. ಅಂಥ ನಂಬಿಕೆ ಸತ್ತದ್ದು ಅನ್ನುತ್ತಾನೆ.

ಯೇಸುವಿನ ಮಾತು ಕೇಳಿದವರಲ್ಲಿ ಹೆಚ್ಚಿನವರು ಬಡವರೇ. ದಿನಗೂಲಿಗೆ ಕಾದು ನಿಲ್ಲುವವರು ಮತ್ತಾಯ 20ರ ಸಾಮ್ಯದಲ್ಲಿ ಬರುತ್ತಾರಲ್ಲ, ಅಂಥವರು. ಅವತ್ತಿನ ಕೂಲಿ ಅವತ್ತೇ ಸಿಗದಿದ್ದರೆ ಮನೆಯವರು ಉಪವಾಸ. ಅದಕ್ಕೇ ಧರ್ಮೋಪದೇಶಕಾಂಡ 24ರಲ್ಲಿ, ಬಡ ಕೂಲಿಯವನಿಗೆ ಸೂರ್ಯ ಮುಳುಗುವುದರೊಳಗೆ ಕೂಲಿ ಕೊಟ್ಟುಬಿಡು ಅನ್ನುವ ಕಟ್ಟಳೆ ಇದೆ. ಅವನ ಮನಸ್ಸೆಲ್ಲ ಅದರ ಮೇಲೇ ಇರುತ್ತದೆ ಅನ್ನುವುದು ದೇವರಿಗೆ ಗೊತ್ತು. ನಂಬಿಕೆ ಸಾಲದು ಅಂತ ದೇವರು ಆ ಕೂಲಿಯವನನ್ನು ಬೈಯಲಿಲ್ಲ, ಕೂಲಿ ಕೊಡಬೇಕಾದವನನ್ನು ಎಚ್ಚರಿಸಿದ. ಒಬ್ಬರ ಚಿಂತೆಯ ಹಿಂದೆ ಇನ್ನೊಬ್ಬರ ದುರಾಶೆ ಇರುವುದು ಎಷ್ಟೋ ಸಲ ಉಂಟು. ಯಾಕೋಬ 5:4ರಲ್ಲಿ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ.

ಸಂತ ಬೆಸಿಲರು ಇದನ್ನು ಬೋಧಿಸಿದವರು, ಬದುಕಿ ತೋರಿಸಿದವರು. 369ರ ಸುಮಾರಿಗೆ ಕಪ್ಪದೋಕ್ಯದಲ್ಲಿ, ಅಂದರೆ ಈಗಿನ ಟರ್ಕಿಯ ಒಂದು ಭಾಗದಲ್ಲಿ, ಭಾರಿ ಬರಗಾಲ ಬಂತು. ಆಗ ಅವರು ಅಲ್ಲಿನ ಕೈಸರೈಯ ಪಟ್ಟಣದಲ್ಲಿ ಗುರುಗಳಾಗಿದ್ದರು. ಅವರು ಪ್ರಸಂಗಕ್ಕೆ ಎತ್ತಿಕೊಂಡ ಭಾಗಗಳಲ್ಲಿ ಹಿರಿಯರು ಹೇಳಿದ ಈ ಕಣಜದ ಸಾಮ್ಯವೂ ಒಂದು. ನೀನು ಬಚ್ಚಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬೆತ್ತಲೆ ಇರುವವನದು ಅನ್ನುವ ಅರ್ಥ ಬರುವಂತೆ ಅವರು ಹೇಳಿದರು. ಧಾನ್ಯ ಇದ್ದವರಿಂದ ಧಾನ್ಯ ಹೊರಗೆ ತೆಗೆಸಿ ಹಸಿದವರಿಗೆ ಊಟ ಹಾಕಿಸಿದರು. ಮುಂದೆ ಬಿಷಪ್ ಆದ ಮೇಲೆ ಊರ ಹೊರಗೆ ರೋಗಿಗಳಿಗೆ, ಬಡವರಿಗೆ, ದಾರಿಹೋಕರಿಗೆ ದೊಡ್ಡ ಆಶ್ರಯ ಕಟ್ಟಿಸಿದರು.

ಹಾಗಾಗಿ 'ಚಿಂತೆ ಮಾಡಬೇಡಿ' ಅನ್ನುವ ಮಾತನ್ನು ಬಡವರಿಗೆ ಹೇಳುವ ಸಭೆ ಅದರ ಜೊತೆಗೆ ಕೈಯನ್ನೂ ಚಾಚಬೇಕು. ತಂದೆಯು ಸಾಕುತ್ತಾನೆ ಅನ್ನುವುದನ್ನು ಹಸಿದವರು ನಮ್ಮ ಮೂಲಕವೇ ಕಾಣಬೇಕಲ್ಲವೇ? ನಿಮ್ಮ ಅಮ್ಮನವರು ಈಗಲೂ ಇದ್ದರೆ, ಅವರ ಮಾತನ್ನು ಪೂರ್ತಿ ಕೇಳುವ ಒಬ್ಬರಾದರೂ ಅವರಿಗೆ ಸಿಗಲಿ ಅಂತ ಪ್ರಾರ್ಥಿಸುತ್ತೇನೆ.

ನೀಲಿ ಛತ್ರಿ

ಇದ್ದಾರೆ ಅಕ್ಕ. ಇದನ್ನು ಅವರಿಗೆ ಓದಿ ಹೇಳುತ್ತೇನೆ. ಕೂಲಿಯ ಕಟ್ಟಳೆ ಬೈಬಲ್ಲಿನಲ್ಲಿ ಇಷ್ಟು ಸ್ಪಷ್ಟವಾಗಿದೆ ಅಂತ ನನಗೆ ಗೊತ್ತಿರಲಿಲ್ಲ.

ರಾತ್ರಿ ಪಾಳಿ

ನಾನು ನರ್ಸ್. ನಡುವೆ ಒಂದು ಮಾತು ಹೇಳಲೇಬೇಕು.

ಎಲ್ಲಾ ಚಿಂತೆಯೂ ದುರಾಶೆಯಿಂದ ಬರುವುದಿಲ್ಲ. ಆತಂಕ ಒಂದು ಕಾಯಿಲೆಯಾಗಿಯೂ ಬರುತ್ತದೆ. ವಾರಗಟ್ಟಲೆ ನಿದ್ದೆ ಬರದಿರುವುದು, ಸುಮ್ನೆ ಕೂತಾಗಲೇ ಎದೆ ಡವಗುಟ್ಟುವುದು, ಕೈ ನಡುಗುವುದು, ಕೆಲಸಕ್ಕೆ ಹೋಗಲೂ ಆಗದಿರುವುದು ಇದ್ದರೆ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಹೀಗೆ ಆಗುತ್ತದೆ. ಬದುಕೇ ಬೇಡ ಅನಿಸುತ್ತಿದ್ದರೆ ಇವತ್ತೇ ಹತ್ತಿರದವರಿಗೆ ಹೇಳಿ, ತಡ ಮಾಡಬೇಡಿ. ಔಷಧಿ ತೆಗೆದುಕೊಳ್ಳುವುದು ಅವಿಶ್ವಾಸ ಅಲ್ಲ. ಔಷಧಿ ನುಂಗುತ್ತಲೇ ಪ್ರಾರ್ಥಿಸಿದ ಎಷ್ಟೋ ಜನರನ್ನು ನಾನು ನೋಡಿದ್ದೇನೆ.

ಎಲೀಯನನ್ನು ನೆನೆಯಿರಿ. ಒಂದನೇ ಅರಸುಗಳು 19ನೇ ಅಧ್ಯಾಯ. ಅಷ್ಟು ದೊಡ್ಡ ಪ್ರವಾದಿ ಹೆದರಿ ಓಡಿ, ಒಂದು ಜಾಲಿಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡಿಕೊಂಡ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ. ದೂತನನ್ನು ಕಳಿಸಿ ರೊಟ್ಟಿ ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ, ಮತ್ತೆ ತಿನ್ನಿಸಿದ. ದಾರಿ ದೂರ ಇದೆ, ನಿನ್ನ ಶಕ್ತಿಗೆ ಮೀರಿದ್ದು ಅಂದ. ಮಾತುಕತೆ ನಡೆದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಆತಂಕದಲ್ಲಿರುವವರ ಹತ್ತಿರ ಹೋಗುವಾಗ ಈ ಕ್ರಮವನ್ನು ಮರೆಯಬೇಡಿ ಅಂತ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಯೇಸುಸ್ವಾಮಿಗೂ ಹಿಡಿದುಕೊಡಲ್ಪಟ್ಟ ರಾತ್ರಿ ಗೆತ್ಸೆಮನೆ ತೋಟದಲ್ಲಿ ಪ್ರಾಣ ಹೋಗುವಷ್ಟು ದುಃಖವಾಯಿತು. ಆತನು ಅದನ್ನು ಮುಚ್ಚಿಡಲಿಲ್ಲ. ಶಿಷ್ಯರಿಗೆ ಬಾಯಿಬಿಟ್ಟು ಹೇಳಿದ, ನನ್ನ ಜೊತೆ ಎಚ್ಚರವಾಗಿರಿ ಅಂದ.

ಬೆಳಗಿನ ಜಾವ

'ರಾತ್ರಿ ಪಾಳಿ' ಅಕ್ಕ, ಧನ್ಯವಾದ. ನನ್ನದು ಅಷ್ಟು ತೀವ್ರವಾಗಿಲ್ಲ, ಆದರೂ ಒಮ್ಮೆ ತೋರಿಸಿಕೊಳ್ಳುತ್ತೇನೆ.

ಹಿರಿಯರೇ, ಲೂಕ 12 ಓದಿದೆ. ಒಂದು ಗೊಂದಲ ಇದೆ. ಹಾಗಾದರೆ ಉಳಿಸುವುದೇ ತಪ್ಪಾ? ಇರುವೆಯನ್ನು ನೋಡಿ ಕಲಿ ಅಂತ ಜ್ಞಾನೋಕ್ತಿಯೇ ಹೇಳುತ್ತದಲ್ಲ. ನನಗೆ ಹೆಂಡತಿ, ಮಕ್ಕಳಿದ್ದಾರೆ. ನಾನು ಅಂತೋಣಿಯಾಗಲು ಸಾಧ್ಯವಿಲ್ಲ.

ಹಳೇ ಗುಮಾಸ್ತ

ತಪ್ಪಲ್ಲ ತಮ್ಮಾ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಬಿಟ್ಟವನು ಅಂತ ಪೌಲನು ತಿಮೊಥೆಯನಿಗೆ ಬರೆದಿದ್ದಾನೆ.

ಯೋಸೇಫನ ಕಥೆಯನ್ನು ಈ ಶ್ರೀಮಂತನ ಕಥೆಯ ಪಕ್ಕದಲ್ಲಿಟ್ಟು ನೋಡು. ಆದಿಕಾಂಡ 41. ಯೋಸೇಫನೂ ಮುಂದೆ ಬರುವ ಬರಗಾಲಕ್ಕಾಗಿ ಈಜಿಪ್ಟಿನಲ್ಲಿ ಧಾನ್ಯ ತುಂಬಿಸಿದ. ಏಳು ವರ್ಷ, ಲೆಕ್ಕ ಇಡಲಾಗದಷ್ಟು. ದೇವರು ಆ ಶ್ರೀಮಂತನನ್ನು ಬುದ್ಧಿಹೀನ ಅಂದ ಹಾಗೆ ಇವನನ್ನು ಯಾರೂ ಅನ್ನಲಿಲ್ಲ. ಯಾಕೆಂದರೆ ಅವನ ಕಣಜದಲ್ಲಿ ಬೇರೆಯವರ ಹಸಿವಿಗೂ ಜಾಗ ಇತ್ತು. ಕೊನೆಗೆ ತನ್ನನ್ನು ಮಾರಿದ ಅಣ್ಣಂದಿರಿಗೂ ಆ ಕಣಜದಿಂದಲೇ ಅಳೆದುಕೊಟ್ಟ. ಆ ಶ್ರೀಮಂತನ ಕಣಜದಲ್ಲಿ ಇನ್ನೊಬ್ಬರ ಹೆಸರೇ ಇರಲಿಲ್ಲ. ನಿನ್ನ ಉಳಿತಾಯದಲ್ಲಿ ನಿನ್ನ ಮನೆಯವರ ಹೆಸರು ಇರಲಿ. ಅದರಾಚೆಗೆ ಯಾರ ಹೆಸರಿದೆ ಅಂತಲೂ ಕೇಳಿಕೋ.

ಮನ್ನದ ಕಥೆಯೂ ನಿನಗೆ ಉಪಯೋಗಕ್ಕೆ ಬರುತ್ತದೆ, ವಿಮೋಚನಕಾಂಡ 16. ಐಗುಪ್ತ, ಅಂದರೆ ಈಜಿಪ್ಟ್, ಬಿಟ್ಟು ಬಂದ ಇಸ್ರಾಯೇಲ್ಯರಿಗೆ ದೇವರು ಮರುಭೂಮಿಯಲ್ಲಿ ಕೊಟ್ಟ ಆಹಾರವೇ ಮನ್ನ. ಪ್ರತಿಯೊಬ್ಬರಿಗೂ ದಿನಕ್ಕೆ ಒಂದು ಓಮೆರ್, ಅದು ಆಗಿನ ಒಂದು ಅಳತೆ. ಬೆಳಗಿನ ತನಕ ಇಟ್ಟುಕೊಂಡವರದ್ದಕ್ಕೆ ಹುಳ ಬಿತ್ತು, ನಾತ ಹೊಡೆಯಿತು. ಆದರೆ ಸಬ್ಬತ್ತಿನ, ಅಂದರೆ ವಿಶ್ರಾಂತಿಯ ದಿನದ, ಹಿಂದಿನ ದಿನ ಎರಡರಷ್ಟು ಕೂಡಿಸಿಟ್ಟರೆ ಕೆಡಲಿಲ್ಲ. ಅದೇ ಮನ್ನ, ಅದೇ ಗುಡಾರ. ದೇವರ ಮಾತನ್ನು ನಂಬಿ ಇಟ್ಟದ್ದು ಉಳಿಯಿತು, ನಂಬದೆ ಇಟ್ಟದ್ದು ಕೊಳೆಯಿತು. ಅಷ್ಟೂ ಜನಕ್ಕೆ ಜೈಲಿನ ಹಾಗಿದ್ದ ಐಗುಪ್ತದಿಂದ ಹೊರಬರಲು ಒಂದು ರಾತ್ರಿ ಸಾಕಾಯಿತು. ನಾಳೆಯ ಭಯದಿಂದ ಹೊರಬರಲು ನಲವತ್ತು ವರ್ಷದ ಮನ್ನ ಬೇಕಾಯಿತು. ನಿನಗೂ ಸಮಯ ಹಿಡಿಯುತ್ತದೆ, ಅವಸರ ಮಾಡಬೇಡ.

ಹಾಗಾದರೆ ಎಷ್ಟು ಸಾಕು ಅನ್ನುವುದನ್ನು ತೀರ್ಮಾನಿಸುವುದು ಹೇಗೆ? ಇದಕ್ಕೆ ಇಂಗ್ಲೆಂಡಿನ ಬೋಧಕರಾಗಿದ್ದ ಜಾನ್ ವೆಸ್ಲಿ ಅವರ ಒಂದು ಪ್ರಸಂಗದಲ್ಲಿ ಒಳ್ಳೆಯ ಉದಾಹರಣೆ ಇದೆ. 18ನೇ ಶತಮಾನದ ಮಾತು. ಆಕ್ಸ್‌ಫರ್ಡ್‌ನ ಅವರ ಗೆಳೆಯರ ಗುಂಪಿನ ಒಬ್ಬನಿಗೆ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು. 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಆಮೇಲೆ 90, ಆಮೇಲೆ 120. ಅವನ ಖರ್ಚು 28 ದಾಟಲಿಲ್ಲ. ಆ ಒಬ್ಬ ಸ್ವತಃ ವೆಸ್ಲಿಯೇ ಅಂತ ಹೆಚ್ಚಿನವರು ತಿಳಿಯುತ್ತಾರೆ. ಸಂಸಾರಸ್ಥನಿಗೆ ಲೆಕ್ಕ ಬೇರೆ, ನಿಜ. ಆದರೆ ಒಂದು ಕೆಲಸ ನೀನೂ ಮಾಡಬಹುದು. ಸಂಬಳ ಏರುವ ಮೊದಲೇ 'ಸಾಕು' ಅನ್ನುವ ಗೆರೆಯನ್ನು ಹೆಂಡತಿಯ ಜೊತೆ ಕೂತು ಎಳೆದುಬಿಡು. ಹಣ ಬಂದ ಮೇಲೆ ಎಳೆಯಲು ಹೋದರೆ ಆ ಗೆರೆ ತಾನೇ ಮುಂದೆ ಸರಿಯುತ್ತಾ ಹೋಗುತ್ತದೆ. ನಿನಗೆ ಆಗಿರುವುದೂ ಅದೇ ಅಲ್ಲವೇ?

ಸಣ್ಣ ದೋಣಿ

ಕೊಡುವ ಮಾತು ಬಂದದ್ದರಿಂದ ಕೇಳುತ್ತೇನೆ. ಒಬ್ಬರು ಬೋಧಕರು, ನೀವು ಒಂದು ಕೊಟ್ಟರೆ ದೇವರು ನೂರು ಕೊಡುತ್ತಾನೆ, ಬಿತ್ತಿದರೆ ಸಾಲವೆಲ್ಲ ತೀರುತ್ತದೆ ಅಂತ ಹೇಳಿದ್ದು ಕೇಳಿ ನಮ್ಮ ಬಂಧುಗಳೊಬ್ಬರು ಇದ್ದಬದ್ದದ್ದನ್ನೆಲ್ಲ ಕೊಟ್ಟರು. ಸಾಲ ತೀರಲಿಲ್ಲ. ನಂಬಿಕೆಯೂ ಕುಸಿಯಿತು. ಇದಕ್ಕೆ ಏನು ಹೇಳುತ್ತೀರಿ?

ಸಂಜೆ ಗಂಟೆ

ಅದು ದುರಾಶೆಯನ್ನು ವಾಸಿ ಮಾಡುವ ಬೋಧನೆ ಅಲ್ಲ. ದುರಾಶೆಗೇ ಪ್ರಾರ್ಥನೆಯ ಬಟ್ಟೆ ತೊಡಿಸುವ ಬೋಧನೆ. ದೇವಭಕ್ತಿಯನ್ನು ಲಾಭದ ದಾರಿ ಅಂದುಕೊಳ್ಳುವವರ ಬಗ್ಗೆ ಒಂದನೇ ತಿಮೊಥೆಯ 6:5ರಲ್ಲಿ ಪೌಲನು ಕಟುವಾಗಿ ಬರೆದಿದ್ದಾನೆ. ಅದರ ಮುಂದಿನ ವಚನದಲ್ಲೇ, ಇರುವುದರಲ್ಲಿ ತೃಪ್ತಿ ಇದ್ದರೆ ಭಕ್ತಿ ನಿಜವಾಗಿ ದೊಡ್ಡ ಲಾಭ ಅನ್ನುತ್ತಾನೆ.

ಬಡ ವಿಧವೆಯೊಬ್ಬಳು ತನಗಿದ್ದ ಎರಡೇ ಕಾಸನ್ನು ದೇವಾಲಯಕ್ಕೆ ಹಾಕಿದ ಕಥೆಯನ್ನು ಹೇಳಿ ಕಾಣಿಕೆ ಎತ್ತುವವರು ಮಾರ್ಕ 12ನ್ನು ಎರಡು ವಚನ ಹಿಂದಿನಿಂದ ಓದಬೇಕು. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಮೇಲೆ ಯೇಸು ಸಿಟ್ಟಾದ ಕೂಡಲೇ ಆ ವಿಧವೆ ಬರುತ್ತಾಳೆ. ಅವಳ ನಂಬಿಕೆ ದೊಡ್ಡದು. ಅವಳನ್ನು ಆ ಸ್ಥಿತಿಗೆ ತಂದವರಿಗೆ ತೀರ್ಪೂ ದೊಡ್ಡದೇ. ನಿಮ್ಮ ಬಂಧುಗಳ ನಂಬಿಕೆ ಕುಸಿದದ್ದು ದೇವರ ಮೇಲಲ್ಲ, ದೇವರು ಕೊಡದ ಒಂದು ಮಾತಿನ ಮೇಲೆ ಅಂತ ಅವರಿಗೆ ಮೆಲ್ಲಗೆ ಹೇಳಿ. ಆಗದಿದ್ದರೆ ಸುಮ್ಮನೆ ಅವರ ಜೊತೆ ಕೂತಿರಿ.

ಇನ್ನು 'ಬೆಳಗಿನ ಜಾವ' ತಮ್ಮನಿಗೆ. ಇದು ಒಳಗೆ ಇಳಿಯುವುದು ಹೇಗೆ ಅಂತ ಕೇಳಿದಿರಿ. ನನಗೆ ಜಕ್ಕಾಯನ ಕಥೆ ಇದಕ್ಕೆ ಎಲ್ಲಕ್ಕಿಂತ ಹತ್ತಿರ. ಲೂಕ 18ರಲ್ಲಿ ಒಬ್ಬ ಐಶ್ವರ್ಯವಂತ ಬರುತ್ತಾನೆ. ಎಲ್ಲಾ ಆಜ್ಞೆ ಪಾಲಿಸಿದವನು. ಯೇಸು ಆಸ್ತಿಯನ್ನೆಲ್ಲ ಮಾರಿಬಿಡು ಅಂದಾಗ ದುಃಖಪಟ್ಟ. 19ರಲ್ಲಿ ಜಕ್ಕಾಯ ಬರುತ್ತಾನೆ. ಸುಂಕದವರ ಮುಖ್ಯಸ್ಥ, ಊರೆಲ್ಲ ಛೀ ಅನ್ನುವಂಥವನು. ಅವನಿಗೆ ಯೇಸು ಏನನ್ನೂ ಕೊಡು ಅನ್ನಲೇ ಇಲ್ಲ. ಮರದಿಂದ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದ, ಅಷ್ಟೇ. ಜಕ್ಕಾಯ ತಾನೇ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಅಂದ.

ಅವನ ಕೈ ಹೇಗೆ ಬಿಚ್ಚಿತು? ಯಾರಿಗೂ ಬೇಡವಾಗಿದ್ದವನನ್ನು ಒಬ್ಬಾತ ಹೆಸರು ಹಿಡಿದು ಕರೆದು ಮನೆಗೆ ಬಂದ. ಹಣ ಅವನಿಗೆ ಇಷ್ಟು ದಿನ ಕೊಡುತ್ತೇನೆ ಅಂತ ಆಸೆ ತೋರಿಸುತ್ತಿದ್ದದ್ದು ಅವತ್ತು ಪುಕ್ಕಟೆ ಸಿಕ್ಕಿತು. ಮುಷ್ಟಿ ಬಿಡು ಬಿಡು ಅಂತ ನಮ್ಮನ್ನು ನಾವು ಎಷ್ಟು ಬೈದುಕೊಂಡರೂ ಅದು ಬಿಡುವುದಿಲ್ಲ. ಪ್ರೀತಿ ಸಿಕ್ಕಿದ ಮೇಲೆ ಹಿಡಿಯುವ ಅಗತ್ಯವೇ ಕಡಿಮೆಯಾಗುತ್ತದೆ. ಆದ್ದರಿಂದ ಪ್ರಾರ್ಥನೆಯಲ್ಲಿ ಚಿಂತೆಯ ಪಟ್ಟಿ ಒಪ್ಪಿಸುವ ಮೊದಲು ಆತನು ನಿಮ್ಮ ಮನೆಗೆ ಬಂದಿದ್ದಾನೆ ಅನ್ನುವುದರಲ್ಲಿ ಸ್ವಲ್ಪ ಹೊತ್ತು ಇರಿ. ಫಿಲಿಪ್ಪಿ 4ರಲ್ಲಿ ಯಾವುದಕ್ಕೂ ಚಿಂತಿಸಬೇಡಿ ಅನ್ನುವ ಮಾತಿನ ಹಿಂದೆಯೇ ಕರ್ತನು ಹತ್ತಿರವಾಗಿದ್ದಾನೆ ಅಂತಲೂ ಇದೆ. ಅದನ್ನು ಬಿಟ್ಟು ಓದಿದರೆ ಚಿಂತಿಸಬೇಡಿ ಅನ್ನುವುದು ಬರೀ ಅಪ್ಪಣೆಯಾಗುತ್ತದೆ.

ಆಮೇಲೆ ಬೇಡಿಕೆಯನ್ನು ಸ್ಪಷ್ಟವಾಗಿ ಹೇಳಿ. 'ನನ್ನ ಚಿಂತೆ ತೆಗೆದುಬಿಡು' ಅಂತ ಹೊದಿಸಿ ಹೇಳಬೇಡಿ. ಕೆಲಸದ ಭಯವಿದ್ದರೆ ಕೆಲಸ ಅನ್ನಿ. ಮುಪ್ಪಿನ ಭಯವಿದ್ದರೆ ಮುಪ್ಪು ಅನ್ನಿ. ಪೌಲನು ಬೇಡಿಕೆಯ ಜೊತೆ ಸ್ತೋತ್ರವೂ ಇರಲಿ ಅನ್ನುತ್ತಾನೆ. ಆ ದಿನ ನಿಮಗೆ ಸಿಕ್ಕಿದ ಯಾವುದಾದರೂ ಒಂದನ್ನು ಹೆಸರಿಸಿ ಸ್ತೋತ್ರ ಮಾಡಿ. ಅವನು ಅದನ್ನು ಬರೆದದ್ದು ಬೇಡಿಗಳಲ್ಲಿದ್ದಾಗ.

ಮರುಭೂಮಿ ಓದು

'ಸಂಜೆ ಗಂಟೆ' ಅಕ್ಕ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಫಿಲಿಪ್ಪಿ 4:11ರಲ್ಲಿ ತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಅನ್ನುತ್ತಾನೆ ಪೌಲ. ಅವನಿಗೂ ಅದು ಹುಟ್ಟಿನಿಂದ ಬಂದದ್ದಲ್ಲ. ಅದೇ ಅಧ್ಯಾಯದಲ್ಲಿ ಎಪಫ್ರೊದೀತನ ಕೈಯಲ್ಲಿ ಆ ಸಭೆಯವರು ಕಳಿಸಿದ ಸಹಾಯಕ್ಕೆ ಮನಸಾರೆ ಉಪಕಾರ ಹೇಳುತ್ತಾನೆ. ಕೈಚಾಚುವ ಅವಮಾನದ ಭಯ ಅಂತ ಎವಾಗ್ರಿಯಸ್ ಹೇಳಿದರಲ್ಲ, ಪೌಲನಿಗೆ ಆ ಭಯ ಇರಲಿಲ್ಲ. ತೆಗೆದುಕೊಳ್ಳುವುದನ್ನೂ ಕಲಿತಿದ್ದ.

ನಮ್ಮಲ್ಲಿ ಬಹಳ ಜನ ಕೊಡಲು ತಯಾರಿರುತ್ತಾರೆ, ತೆಗೆದುಕೊಳ್ಳಲು ಒಲ್ಲರು. ಯಾರ ಹಂಗೂ ಬೇಡ ಅನ್ನುವುದೇ ಉಳಿತಾಯದ ಗುರಿಯಾಗಿಬಿಡುತ್ತದೆ. ಒಬ್ಬರ ಭಾರ ಒಬ್ಬರು ಹೊರುವ ಸಭೆಯಲ್ಲಿ ಹಂಗು ಬೇಡ ಅನ್ನುವುದಕ್ಕೆ ಜಾಗ ಎಲ್ಲಿದೆ? ನಿಮ್ಮ ಭಯವನ್ನು ಸಭೆಯ ಒಬ್ಬರಿಬ್ಬರ ಹತ್ತಿರ ಹೇಳಿಕೊಳ್ಳಿ. ಪಾಪನಿವೇದನೆ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ ಗುರುಗಳ ಹತ್ತಿರ ದುರಾಶೆಯನ್ನು ದುರಾಶೆ ಅಂತಲೇ ಹೇಳಿ. ಈ ಪಾಪವನ್ನು ಹೆಸರಿಟ್ಟು ಹೇಳುವವರು ಕಡಿಮೆ. ಕೊಲೊಸ್ಸೆ 3:5ರಲ್ಲಿ ಪೌಲನು ಅದನ್ನು ವಿಗ್ರಹಾರಾಧನೆಗೆ ಸಮ ಅಂದಿದ್ದಾನೆ. ಅಷ್ಟು ದೊಡ್ಡದು, ಆದರೂ ಯಾರ ಬಾಯಲ್ಲೂ ಬರುವುದಿಲ್ಲ.

ಬೆಳಗಿನ ಜಾವ

ನಿಮ್ಮೆಲ್ಲರ ಮಾತನ್ನು ಹೆಂಡತಿಯ ಜೊತೆ ಕೂತು ಓದಿದೆ. ನನ್ನ ಭಯ ಅವಳಿಗೆ ಮೊದಲೇ ಗೊತ್ತಿತ್ತಂತೆ. ಹಿರಿಯರು ಹೇಳಿದ ಗೆರೆಯ ಬಗ್ಗೆ ಮಾತಾಡಲು ಶುರು ಮಾಡಿದ್ದೇವೆ. ಅಲ್ಲಿ ಒಂದು ಪ್ರಶ್ನೆ ಬಂತು. ಮನೆ ಸಾಲ ಇನ್ನೂ ಬಾಕಿ ಇದೆ. ಸಾಲ ಇರುವಾಗ ಬೇರೆಯವರಿಗೆ ಕೊಡುವುದು ಸರಿಯಾ? ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು, ಕೊಡಲೇಬೇಕಾ? ಇದರಲ್ಲಿ ನಾನು ಮತ್ತೆ ಭಯದಿಂದ ನೆಪ ಹುಡುಕುತ್ತಿದ್ದೇನಾ ಅಂತಲೂ ಗೊತ್ತಾಗುತ್ತಿಲ್ಲ.

ಹಳೇ ಗುಮಾಸ್ತ

ಸಾಲದ ಕಂತು ಮೊದಲು ಕಟ್ಟು. ಅದು ಬೇರೆಯವರ ಹಣ. ರೋಮಾ 13ರಲ್ಲಿ ಸಲ್ಲಿಸಬೇಕಾದವರಿಗೆ ಸಲ್ಲಿಸಿ ಅಂತ ಇದೆ. ಕಂತು ತಪ್ಪಿಸಿ ಕಾಣಿಕೆ ಹಾಕಬೇಡ.

ದಶಮಾಂಶದ ಬಗ್ಗೆ ಸಭೆಸಭೆಗೆ ಬೇರೆ ಬೇರೆ ಬೋಧನೆ ಇದೆ, ನಿನ್ನ ಪಾಸ್ಟರ ಹತ್ತಿರ ಕೇಳು. ನಾನು ಎರಡನೇ ಕೊರಿಂಥ 8 ಮತ್ತು 9ನ್ನು ಹಿಡಿದುಕೊಂಡವನು. ಇರುವುದಕ್ಕೆ ತಕ್ಕಂತೆ ಕೊಟ್ಟರೆ ದೇವರಿಗೆ ಮೆಚ್ಚುಗೆ, ಇಲ್ಲದ್ದನ್ನು ಕೊಡು ಅಂತ ಯಾರೂ ಕೇಳುವುದಿಲ್ಲ ಅನ್ನುತ್ತಾನೆ ಪೌಲ. ಬೇಸರದಿಂದಲೂ ಬೇಡ, ಬಲವಂತದಿಂದಲೂ ಬೇಡ ಅನ್ನುತ್ತಾನೆ. ಮನ್ನದ ವಚನವನ್ನು ಅವನು ಅಲ್ಲೇ ಎತ್ತಿಕೊಳ್ಳುತ್ತಾನೆ: ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ.

ನೆಪವಾ ನಿಜವಾ ಅಂತ ಗೊತ್ತಾಗುವುದಕ್ಕೆ, ಸಾಲದ ಕಂತು ಮತ್ತು ಮನೆಖರ್ಚು ಕಳೆದು ಉಳಿದದ್ದರಲ್ಲಿ ಒಂದು ಸಣ್ಣ ಪಾಲನ್ನು ತಿಂಗಳ ಮೊದಲ ದಿನವೇ ಬೇರೆ ಇಡು. ಕೊನೆಗೆ ಉಳಿದರೆ ನೋಡೋಣ ಅನ್ನಬೇಡ, ಕೊನೆಗೆ ಉಳಿಯುವುದಿಲ್ಲ. ಒಂದನೇ ಕೊರಿಂಥ 16:2ರಲ್ಲೂ ವಾರದ ಮೊದಲ ದಿನ ತೆಗೆದಿಡಲು ಹೇಳಿದೆ. ನಿನಗೆ ಗೊತ್ತಿರುವ ಒಬ್ಬರ ನಿಜವಾದ ಕಷ್ಟಕ್ಕೆ ಅದು ಹೋಗಲಿ. ಹೆಂಡತಿಯ ಹೊರತು ಯಾರಿಗೂ ಹೇಳಬೇಡ. ಕೊಡುವಾಗ ಎದೆ ಬಿಗಿದರೆ ಬಿಗಿಯಲಿ, ಕೊಡುವುದನ್ನು ನಿಲ್ಲಿಸಬೇಡ. ಆ ಬಿಗಿತವನ್ನೇ ಅವತ್ತಿನ ಪ್ರಾರ್ಥನೆಯಲ್ಲಿ ಹೇಳು. ಆಮೇಲೆ ಬಂದು ಹೇಗಾಯಿತು ಅಂತ ತಿಳಿಸು, ನಾವೂ ನಿನಗಾಗಿ ಪ್ರಾರ್ಥಿಸುತ್ತಿರುತ್ತೇವೆ.

ನೀಲಿ ಛತ್ರಿ

ಅಮ್ಮನಿಗೆ ಓದಿ ಹೇಳಿದೆ. ಎಲೀಯನ ಭಾಗವನ್ನು ಇನ್ನೊಮ್ಮೆ ಓದು ಅಂದರು. 'ಬೆಳಗಿನ ಜಾವ' ಅಣ್ಣನಿಗಾಗಿ ತಾವೂ ಪ್ರಾರ್ಥಿಸುತ್ತಾರಂತೆ, ಹೆಸರು ಏನು ಅಂತ ಕೇಳಿದರು. ಹೆಸರು ಗೊತ್ತಿಲ್ಲ ಅಂದೆ. ದೇವರಿಗೆ ಗೊತ್ತಿದೆ ಬಿಡು ಅಂದರು.